ಗಾಜಿನ ಪೆಟ್ಟಿಗೆಯ ಶಿಲೆ, ಸಂಪುಟದ ಸಾಲಿಗ್ರಾಮ

ಶ್ರೀಮಠದ ನಮ್ಮ ಶಾಖೆಯಲ್ಲಿ ಚಾತುರ್ಮಾಸ್ಯದ ಉಪನ್ಯಾಸಮಾಲೆಯ ಅಂಗವಾಗಿ ನೀಡಿದ ಭಾಷಣದ ಲಿಖಿತರೂಪ

 

ಈ ಪೀಠದಿಂದ ಇದುವರೆಗೆ ತಾವು ಕೇಳಿರುವುದು ಶಾಸ್ತ್ರವನ್ನು ಅಧ್ಯಯನ ಮಾಡಿದವರ ಮಾತುಗಳನ್ನು. ನಾನು ಅಂಥವನಲ್ಲ. ಸಿವಿಲ್ ವಿಭಾಗದಲ್ಲಿ ಡಿಪ್ಲೊಮಾ ಪಡೆದು, ರೈಲ್ವೆಯಲ್ಲಿ ಸೇವೆ ಸಲ್ಲಿಸಿ ನಿವೃತ್ತನಾದವನು. ಆದುದರಿಂದ ವ್ಯವಸ್ಥಾಪಕರು ‘ಏನಾದರೂ ಹೇಳಿ’ ಎಂದಾಗ ನನಗೆ ತಿಳಿದಿರುವ ಒಂದೇ ವಸ್ತುವನ್ನು ಆರಿಸಿಕೊಂಡೆ. ಅದು ಕಲ್ಲು. ಈಚೆಗೆ ನಾನು ನೋಡಿಬಂದ ಶಿಲೆ, ಖನಿಜ ಮತ್ತು ಪಳೆಯುಳಿಕೆಗಳ ಒಂದು ಚಿಕ್ಕ ಸಂಗ್ರಹಾಲಯದ ಕುರಿತು ಮಾತನಾಡುತ್ತೇನೆ. ಮಠದಲ್ಲಿ ಕಲ್ಲಿನ ಮಾತೇಕೆ ಎಂದು ಯಾರಿಗಾದರೂ ಅನಿಸಿದರೆ, ತಮ್ಮ ತಮ್ಮ ಮನೆಯ ದೇವರ ಸಂಪುಟವನ್ನು ಒಮ್ಮೆ ಸ್ಮರಿಸಿಕೊಳ್ಳಬೇಕೆಂದು ಪ್ರಾರ್ಥನೆ.

ರೈಲ್ವೆಯವನ ಪಾಲಿಗೆ ಕಲ್ಲೆಂದರೆ ಜಲ್ಲಿ. ಹಳಿಯ ಕೆಳಗೆ ಹರಡುವ ಜಲ್ಲಿಯನ್ನು 65, 40 ಮತ್ತು 20 ಮಿಲಿಮೀಟರಿನ ಜರಡಿಗಳಲ್ಲಿ ಜಾಲಿಸಿ ಅಳೆಯುತ್ತೇವೆ. ಪೆಟ್ಟು ತಾಳುವುದೇ, ಸವೆಯುವುದೇ ಎಂದು ಪರೀಕ್ಷಿಸುತ್ತೇವೆ. ಕಪ್ಪಗಿದ್ದು, ಗಟ್ಟಿಯಾಗಿದ್ದು, ಮೂಲೆಗಳು ಚೂಪಾಗಿದ್ದರೆ ಒಳ್ಳೆಯ ಕಲ್ಲು. ಇಲ್ಲವಾದರೆ ಲಾರಿ ವಾಪಸು. ಅದು ಯಾವ ಕಾಲದ್ದು, ಎಲ್ಲಿಂದ ಬಂತು ಎಂದು ಕೇಳುವ ವ್ಯವಧಾನ ನಮ್ಮ ವೃತ್ತಿಯಲ್ಲಿ ಇರಲಿಲ್ಲ. ಆ ಪ್ರಶ್ನೆ ನನ್ನ ಮುಂದೆ ಬಂದದ್ದು ನಿವೃತ್ತಿಯ ನಂತರ, ಅದೂ ಹದಿನಾಲ್ಕು ವರ್ಷದ ಒಬ್ಬ ಬಾಲಕನಿಂದ.

ಡೊಂಬಿವಲಿಯಲ್ಲಿರುವ ನನ್ನ ಅಣ್ಣನ ಮನೆಯಲ್ಲಿ ವಂಶಪಾರಂಪರ್ಯವಾಗಿ ಬಂದ ಮೂರು ಸಾಲಿಗ್ರಾಮಗಳಿವೆ. ಅಣ್ಣನ ಮೊಮ್ಮಗನಿಗೆ ಉಪನಯನವಾಗಿ ಒಂದು ವರ್ಷವಾಗಿತ್ತು. ಪೂಜೆಯ ವೇಳೆ ತಂದೆಯ ಪಕ್ಕದಲ್ಲಿ ಕುಳಿತು ಗಂಟೆ ಬಾರಿಸುತ್ತಿದ್ದ ಹುಡುಗ. ಶಾಲೆಯ ಪುಸ್ತಕದಲ್ಲಿ ಯಾವುದೋ ಚಿತ್ರವನ್ನು ನೋಡಿಬಂದವನು ಒಂದು ದಿನ ಅಭಿಷೇಕದ ಮಧ್ಯೆ, ‘ಅಪ್ಪ, ಇದು ಸಮುದ್ರದ ಪ್ರಾಣಿಯ ಪಳೆಯುಳಿಕೆಯಂತೆ, ಹೌದಾ?’ ಎಂದು ಕೇಳಿಬಿಟ್ಟನಂತೆ. ತಂದೆ, ‘ಅಧಿಕಪ್ರಸಂಗ ಬೇಡ, ಬಾಯಿ ಮುಚ್ಚು’ ಎಂದು ಗದರಿಸಿದ. ಹುಡುಗ ಬಾಯಿ ಮುಚ್ಚಿದ. ಆದರೆ ಮರುದಿನದಿಂದ ಪೂಜೆಗೆ ಬಂದು ಕೂರುವುದನ್ನೂ ನಿಲ್ಲಿಸಿದ. ಎರಡು ತಿಂಗಳ ಮೇಲೆ ಶ್ರಾದ್ಧದ ನಿಮಿತ್ತ ನಾನು ಅಲ್ಲಿಗೆ ಹೋದಾಗ ಮೆಲ್ಲನೆ ನನ್ನ ಬಳಿ ಬಂದು, ‘ಅಜ್ಜ, ನೀವು ಎಂಜಿನಿಯರ್ ಅಲ್ಲವಾ, ನೀವಾದರೂ ನಿಜ ಹೇಳಿ’ ಎಂದ. ಪುಸ್ತಕ ನೋಡಿ ಉತ್ತರ ಹೇಳುವುದಕ್ಕಿಂತ ಕಣ್ಣಿಗೆ ತೋರಿಸುವುದು ಮೇಲೆಂದು ನಿಶ್ಚಯಿಸಿ, ಅವನನ್ನೂ ಅವನ ತಂದೆಯನ್ನೂ ಒಂದು ಶನಿವಾರ ಕರೆದುಕೊಂಡು ಹೊರಟೆ.

ನಾವು ಹೋದದ್ದು ಧೋಬಿ ತಲಾವಿನ ಹತ್ತಿರ ಮಹಾಪಾಲಿಕಾ ಮಾರ್ಗದಲ್ಲಿರುವ ಸೇಂಟ್ ಕ್ಸೇವಿಯರ್ ಕಾಲೇಜಿಗೆ. 1869ರಲ್ಲಿ ಜರ್ಮನಿಯ ಜೆಸುಯಿಟ್ ಪಾದ್ರಿಗಳು ಸ್ಥಾಪಿಸಿದ, ಮುಂಬಯಿ ವಿಶ್ವವಿದ್ಯಾಲಯಕ್ಕೆ ಸೇರಿದ ಹಳೆಯ ಕಾಲೇಜು ಅದು. ಛತ್ರಪತಿ ಶಿವಾಜಿ ಮಹಾರಾಜ ಟರ್ಮಿನಸ್ಸಿನಲ್ಲಿ ಇಳಿದರೆ ನಡೆದುಕೊಂಡೇ ಹೋಗಬಹುದು. ಮುಂಬಯಿಯಲ್ಲಿ ಭೂವಿಜ್ಞಾನವನ್ನು ಕಲಿಸುವ ವಿದ್ಯಾಸಂಸ್ಥೆಗಳು ಬೆರಳೆಣಿಕೆಯಷ್ಟು ಮಾತ್ರ; ಅವುಗಳಲ್ಲಿ ಇದು ಮುಖ್ಯವಾದದ್ದು. ಮುಂಬಯಿಯ ಶಿಲೆಗಳ ಅಧ್ಯಯನಕ್ಕೆ ತಮ್ಮ ಆಯುಷ್ಯವನ್ನು ಮುಡಿಪಾಗಿಟ್ಟ ಪ್ರೊಫೆಸರ್ ಎಸ್. ಎಫ್. ಸೆಥ್ನಾ ಅವರು ಇಲ್ಲಿಯೇ ಅಧ್ಯಾಪಕರಾಗಿದ್ದರು. ವಿಭಾಗದ ಸಂಗ್ರಹವು ವಿದ್ಯಾರ್ಥಿಗಳ ಅಭ್ಯಾಸಕ್ಕಾಗಿ ಇರುವುದು, ಟಿಕೇಟು ಪಡೆದು ನೋಡುವ ಪ್ರದರ್ಶನವಲ್ಲ. ಮುಂಚಿತವಾಗಿ ಪತ್ರ ಬರೆದು ಅನುಮತಿ ಪಡೆದಿದ್ದೆವು.

ಗಾಜಿನ ಕಪಾಟುಗಳು, ಒಳಗೆ ಕಲ್ಲುಗಳು, ಪ್ರತಿಯೊಂದರ ಬುಡದಲ್ಲೂ ಹೆಸರು ಮತ್ತು ದೊರೆತ ಸ್ಥಳವನ್ನು ಬರೆದ ಚೀಟಿ. ಇಷ್ಟೇ. ಪ್ರಿನ್ಸ್ ಆಫ್ ವೇಲ್ಸ್ ಮ್ಯೂಸಿಯಮ್ಮಿನ ವೈಭವವನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾದೀತು. ನನಗಂತೂ ದೊಡ್ಡ ಮ್ಯೂಸಿಯಮ್ಮುಗಳಿಗಿಂತ ಇದು ಹಿತವೆನಿಸಿತು. ಜನರ ನೂಕುನುಗ್ಗಲಿಲ್ಲ, ಪ್ರಶ್ನೆ ಕೇಳಿದರೆ ಉತ್ತರಿಸಲು ಅಧ್ಯಾಪಕಿಯೊಬ್ಬರು ಪಕ್ಕದಲ್ಲಿಯೇ ನಿಂತಿದ್ದರು.

ಮೊದಲು ಕಂಡದ್ದು ನಮ್ಮ ಜಲ್ಲಿಯ ಕುಲವಾದ ಬಸಾಲ್ಟ್. ಸುಮಾರು 6.6 ಕೋಟಿ ವರ್ಷಗಳ ಹಿಂದೆ ನೆಲ ಬಿರಿದು ಉಕ್ಕಿದ ಲಾವಾರಸವು ಪದರದ ಮೇಲೆ ಪದರವಾಗಿ ಹರಡಿ ಇಂದಿನ ಮಹಾರಾಷ್ಟ್ರದ ಬಹುಭಾಗವನ್ನೂ, ನಮ್ಮ ಉತ್ತರ ಕರ್ನಾಟಕದ ಕೆಲವು ಜಿಲ್ಲೆಗಳನ್ನೂ ಮುಚ್ಚಿತು. ಮುಂಬಯಿಯ ಕಲ್ಲು ಆ ಉತ್ಪಾತದ ಕೊನೆಯ ಹಂತಕ್ಕೆ ಸೇರಿದ್ದು. ಅದರ ಪಕ್ಕದ ಕಪಾಟಿನಲ್ಲಿ ಜಿಯೋಲೈಟ್ ಎಂಬ ಹರಳುಗಳಿದ್ದವು. ಲಾವಾ ತಣಿಯುವಾಗ ಅದರೊಳಗಿನ ಅನಿಲದ ಗುಳ್ಳೆಗಳು ಪೊಳ್ಳಾಗಿ ಉಳಿಯುತ್ತವೆ. ತರುವಾಯ ಬಿಸಿನೀರು ಒಸರಿ ಆ ಪೊಳ್ಳುಗಳಲ್ಲಿ ಹರಳು ಕಟ್ಟುತ್ತದೆ. ಕೆಲವು ಗುಲಾಬಿ ಬಣ್ಣದ ಎಸಳುಗಳಂತೆ, ಕೆಲವು ಸೂಜಿಗಳ ಗೊಂಚಲಿನಂತೆ. ಜಿಯೋಲೈಟ್ ಅಲ್ಲದಿದ್ದರೂ ಅವುಗಳ ಸಂಗಡವೇ ದೊರೆಯುವ ಓಕೆನೈಟ್ ಎಂಬುದು ಥೇಟ್ ಹತ್ತಿಯ ಉಂಡೆ. ದೇವರ ದೀಪಕ್ಕೆ ಬತ್ತಿ ಹೊಸೆಯುವ ನಮ್ಮ ಮನೆಯ ಹೆಂಗಸರು ಕಂಡರೆ ಕೈಹಾಕಿಯೇ ತೀರುವರು!

ಇಲ್ಲಿ ರೈಲ್ವೆಯ ಹೆಮ್ಮೆಯ ಮಾತನ್ನು ಒಂದಿಷ್ಟು ಆಡಲು ಅಪ್ಪಣೆಯಾಗಬೇಕು. ಕರ್ಜತ್ ಮತ್ತು ಖಂಡಾಲದ ನಡುವೆ ಬೋರ್ ಘಾಟನ್ನು ಕೊರೆದು 1863ರಲ್ಲಿ ರೈಲು ಓಡಿಸಿದರು. 25 ಸುರಂಗಗಳು, 37 ಅಡಿಗೆ ಒಂದು ಅಡಿಯ ಏರು, ಸಾವಿರಾರು ಕೂಲಿಗಳ ಪ್ರಾಣಹಾನಿ. ಆ ಬಂಡೆಗಳನ್ನು ಸಿಡಿಸಿದಾಗ ಹೊರಬಿದ್ದ ಹರಳುಗಳು ಯೂರೋಪಿನ ಸಂಗ್ರಹಾಲಯಗಳವರೆಗೆ ಹೋದವು. ನಾನು ಸೇವೆಯಲ್ಲಿದ್ದಾಗ ಇಂಥ ಹರಳುಗಳಿರುವ ಕಲ್ಲನ್ನು ಜಲ್ಲಿಗೆ ಅಯೋಗ್ಯವೆಂದು ತಿರಸ್ಕರಿಸುತ್ತಿದ್ದೆವು. ಪೊಳ್ಳಿರುವ ಕಲ್ಲು ರೈಲಿನ ಭಾರವನ್ನು ತಾಳದು, ಆ ತೀರ್ಮಾನ ಇಂದಿಗೂ ಸರಿಯೇ.

ಅಧ್ಯಾಪಕಿ ಇನ್ನೊಂದು ವಿಷಯವನ್ನು ಹೇಳಿದರು. ಎರಡು ಲಾವಾ ಪ್ರವಾಹಗಳ ನಡುವೆ ಎಷ್ಟೋ ಕಾಲ ಬಿಡುವಿರುತ್ತಿತ್ತು. ಆಗ ಕೆರೆಗಳು ತುಂಬಿ, ಗಿಡ ಬೆಳೆದು, ಪ್ರಾಣಿಗಳು ಬಂದು ನೆಲಸುತ್ತಿದ್ದವು. ಅಂಥ ಕೆರೆಯ ಕೆಸರಿನ ಪದರವು ವರ್ಲಿಯ ಗುಡ್ಡದಲ್ಲಿ ಸಿಕ್ಕಿತು. ಅದರಲ್ಲಿ ಪುಟ್ಟ ಕಪ್ಪೆಗಳ ಅಸ್ಥಿಪಂಜರಗಳಿದ್ದವು. 1847ರಲ್ಲಿ ಲಂಡನ್ನಿನ ರಿಚರ್ಡ್ ಓವೆನ್ ಅವುಗಳನ್ನು ವರ್ಣಿಸಿ ಹೆಸರಿಟ್ಟರು. ಇಂದು ಅವುಗಳಿಗೆ ಇಂಡೊಬ್ಯಾಟ್ರಕಸ್ ಎಂದು ಹೆಸರು. ಆಮೆಗಳೂ ದೊರೆತಿವೆ. ಮುಂಬಯಿಯ ಒಂದು ಪ್ರಾಚೀನ ಆಮೆಯ ಜಾತಿಗೆ 2003ರಲ್ಲಿ ಮೇಲೆ ಹೇಳಿದ ಸೆಥ್ನಾ ಅವರ ಹೆಸರನ್ನೇ ಇಟ್ಟಿದ್ದಾರೆ. ಆಮೆ ಎಂದೊಡನೆ ಕೂರ್ಮಾವತಾರವನ್ನು ತಂದು ಜೋಡಿಸುವ ಚಾಪಲ್ಯ ನಮ್ಮಲ್ಲಿ ಹಲವರಿಗುಂಟು. ನಾನು ಆ ದಾರಿಯಲ್ಲಿ ಹೋಗುವುದಿಲ್ಲ.

ಇನ್ನು ನಾವು ಯಾವುದಕ್ಕಾಗಿ ಹೋಗಿದ್ದೆವೋ ಆ ಕಪಾಟಿಗೆ ಬರೋಣ. ಅಲ್ಲಿದ್ದವು ಗುಜರಾತಿನ ಕಚ್ಛದಿಂದ ತಂದ ಅಮ್ಮೊನೈಟುಗಳು. ಹುಡುಗ ಗಾಜಿಗೆ ಮೂಗು ತಾಗಿಸಿ ನಿಂತುಬಿಟ್ಟ. ಸುರುಳಿ ಸುತ್ತಿದ ಚಕ್ರ, ನಡುವಿನಿಂದ ಅಂಚಿನವರೆಗೆ ಸಾಲು ಸಾಲಾದ ಏಣುಗಳು. ಬಣ್ಣ ಮಾತ್ರ ಕಂದು. ಉಳಿದುದೆಲ್ಲ ನಮ್ಮ ಸಂಪುಟದಲ್ಲಿರುವ ಚಕ್ರವೇ. ಅವನ ತಂದೆ ಏನೂ ಮಾತನಾಡಲಿಲ್ಲ. ಅಧ್ಯಾಪಕಿ ಬೀಗ ತೆಗೆದು ಒಂದನ್ನು ಹುಡುಗನ ಅಂಗೈಯಲ್ಲಿಟ್ಟರು. ಅವನು ಕೂಡಲೇ ಎರಡೂ ಕೈ ಜೋಡಿಸಿ, ತೀರ್ಥ ತೆಗೆದುಕೊಳ್ಳುವವನಂತೆ ಅದನ್ನು ಹಿಡಿದುಕೊಂಡ. ಅಭ್ಯಾಸಬಲ!

ಅಮ್ಮೊನೈಟ್ ಎಂಬುದು ಸಮುದ್ರಜೀವಿ. ಇಂದಿನ ಬೊಂಡಾಸ ಮೀನಿನ ದೂರದ ಬಂಧು ಎನ್ನಬಹುದು. ಆದರೆ ಹೊರಗೆ ಚಿಪ್ಪುಂಟು. ಪ್ರಾಣಿ ಬೆಳೆದಂತೆಲ್ಲ ಚಿಪ್ಪಿಗೆ ಹೊಸ ಕೋಣೆಯನ್ನು ಕಟ್ಟಿಕೊಂಡು ಮುಂದಕ್ಕೆ ಸರಿಯುತ್ತದೆ. ಹಿಂದಿನ ಕೋಣೆಗಳಲ್ಲಿ ಗಾಳಿ ತುಂಬಿಕೊಂಡು ತೇಲುತ್ತದೆ. ಈ ಕುಲ ಸುಮಾರು 40 ಕೋಟಿ ವರ್ಷಗಳ ಹಿಂದೆ ಹುಟ್ಟಿ, 6.6 ಕೋಟಿ ವರ್ಷಗಳ ಹಿಂದೆ ಅಳಿಯಿತು. ಎಂದರೆ ದಖ್ಖನದಲ್ಲಿ ಲಾವಾ ಉಕ್ಕುತ್ತಿದ್ದ ಕಾಲಕ್ಕೇ ಸರಿಸುಮಾರಾಗಿ ಅದರ ಅಂತ್ಯವಾಯಿತು.

ಗಂಡಕಿಯ ಶಿಲೆಗಳು ಅದಕ್ಕಿಂತ ಹಿಂದಿನವು, ಸುಮಾರು 14ರಿಂದ 16 ಕೋಟಿ ವರ್ಷ ಹಳೆಯವು. ಆಗ ಹಿಮಾಲಯವಿರಲಿಲ್ಲ. ಭರತಖಂಡಕ್ಕೂ ಏಷ್ಯಾಕ್ಕೂ ನಡುವೆ ಟೆಥಿಸ್ ಎಂದು ಕರೆಯಲಾಗುವ ಸಮುದ್ರವಿತ್ತು. ಸತ್ತ ಅಮ್ಮೊನೈಟುಗಳು ಅದರ ತಳದ ಕರಿಯ ಕೆಸರಿನಲ್ಲಿ ಹೂತವು. ಮೃದುವಾದ ಶರೀರ ಕೊಳೆಯುವಾಗ ಉಂಟಾದ ರಾಸಾಯನಿಕ ಬದಲಾವಣೆಯಿಂದ ಸುತ್ತಲಿನ ಕೆಸರು ಬೇರೆ ಕೆಸರಿಗಿಂತ ಮೊದಲೇ ಗಟ್ಟಿಯಾಗಿ ಉಂಡೆ ಕಟ್ಟಿತು. ಕಾಂಕ್ರೀಟಿನ ಪರಿಚಯವಿರುವವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಒಂದೇ ಗಾರೆಯಲ್ಲಿ ಸಿಮೆಂಟು ಹೆಚ್ಚು ಬಿದ್ದ ಭಾಗ ಹೇಗೆ ಬೇರೆಯಾಗಿ ಗಟ್ಟಿಗೊಳ್ಳುತ್ತದೆಯೋ ಹಾಗೆ. ಮುಂದೆ ಸುಮಾರು 5 ಕೋಟಿ ವರ್ಷಗಳ ಹಿಂದೆ ಭರತಖಂಡ ಏಷ್ಯಾಕ್ಕೆ ಬಂದು ತಾಗಿತು. ಸಮುದ್ರತಳ ಮಡಿಕೆಯಾಗಿ ಮೇಲೆದ್ದು ಪರ್ವತವಾಯಿತು. ನೇಪಾಳದ ಮುಸ್ತಾಂಗಿನಲ್ಲಿ, 3,700 ಮೀಟರಿನಷ್ಟು ಎತ್ತರದ ಮುಕ್ತಿನಾಥದ ಸುತ್ತಮುತ್ತ, ಈ ಕಪ್ಪು ಜೇಡಿಶಿಲೆ ಇಂದು ಬಯಲಿಗೆ ಬಂದಿದೆ. ಮೆದುವಾದ ಜೇಡಿಶಿಲೆಯನ್ನು ಕಾಳಿ ಗಂಡಕಿ ಕೊರೆದು ಕೊಚ್ಚಿಕೊಂಡು ಹೋಗುತ್ತದೆ. ಗಟ್ಟಿಯಾದ ಉಂಡೆಗಳು ಮಾತ್ರ ಉಳಿದು, ಪ್ರವಾಹದಲ್ಲಿ ಉರುಳಿ ಉರುಳಿ ನುಣುಪಾಗುತ್ತವೆ. ಎಲ್ಲೋ ಒಂದು ಬದಿ ಸೀಳಿದಾಗ ಒಳಗಿನ ಚಕ್ರ ಕಾಣಿಸುತ್ತದೆ. ಕೆಲವದರ ಒಳಗೆ ಹೊಂಬಣ್ಣದ ಮಿನುಗು ಇರುತ್ತದೆ. ಅದು ಗಂಧಕ ಮತ್ತು ಕಬ್ಬಿಣ ಸೇರಿದ ಪೈರೈಟ್ ಎಂಬ ಖನಿಜ.

ಈ ಪೈರೈಟಿನ ಬಗ್ಗೆ ಅಧ್ಯಾಪಕಿ ಹೇಳಿದ ಮಾತು ಗೃಹಿಣಿಯರ ಉಪಯೋಗಕ್ಕೆ ಬರುವಂಥದು. ಪೈರೈಟಿರುವ ಪಳೆಯುಳಿಕೆಗೆ ತೇವದ ಗಾಳಿ ಶತ್ರು. ತೇವ ಹತ್ತಿದರೆ ಅದು ತುಕ್ಕಾಗಿ, ಆಮ್ಲ ಹುಟ್ಟಿ, ಕಾಲಾಂತರದಲ್ಲಿ ಕಲ್ಲು ಬಿರಿದು ಪುಡಿಯಾಗಬಹುದು. ಸಂಗ್ರಹಾಲಯಗಳಿಗೆ ಇದೊಂದು ದೊಡ್ಡ ತಲೆನೋವು. ಮುಂಬಯಿಯ ಮಳೆಗಾಲವಂತೂ ತಮಗೆ ಗೊತ್ತೇ ಇದೆ. ಆದ್ದರಿಂದ ಅಭಿಷೇಕವಾದ ಮೇಲೆ ಸಾಲಿಗ್ರಾಮವನ್ನು ಒದ್ದೆಯಾಗಿಯೇ ಸಂಪುಟದಲ್ಲಿಟ್ಟು ಮುಚ್ಚಬಾರದು. ಶುಭ್ರವಾದ ಹತ್ತಿಯ ವಸ್ತ್ರದಿಂದ ಚಕ್ರದ ಸಂದಿಗಳನ್ನೂ ಒರೆಸಿ ಇಡಬೇಕು. ಹುಣಸೆಹಣ್ಣು ಹಚ್ಚಿ ಉಜ್ಜುವುದು ತಾಮ್ರದ ಪಾತ್ರೆಗೆ ಸರಿ, ಇದಕ್ಕೆ ಸಲ್ಲದು. ಅಭಿಷೇಕದ ತರುವಾಯ ಮಡಿವಸ್ತ್ರದಿಂದ ಒರೆಸಬೇಕೆಂದು ನಮ್ಮ ತಾಯಿ ಹಟ ಹಿಡಿಯುತ್ತಿದ್ದುದು ನನಗೆ ನೆನಪಿದೆ. ಅವರಿಗೆ ಪೈರೈಟ್ ಗೊತ್ತಿರಲಿಲ್ಲ, ಅಚ್ಚುಕಟ್ಟು ಗೊತ್ತಿತ್ತು.

ಹಿಂದಿರುಗುವಾಗ ಲೋಕಲ್ ಗಾಡಿಯಲ್ಲಿ ಹುಡುಗ ಕೇಳಿದ: ‘ಹಾಗಾದರೆ ಅಜ್ಜ, ನಾವು ಪೂಜಿಸುವುದು ಸತ್ತ ಪ್ರಾಣಿಯನ್ನೇ?’ ಈ ಸಲ ಅವನ ತಂದೆ ಗದರಲಿಲ್ಲ. ‘ಚಿಕ್ಕಪ್ಪ, ನೀವೇ ಹೇಳಿ’ ಎಂದ. ಠಾಣೆ ದಾಟುವವರೆಗೂ ನಾನು ಯೋಚಿಸುತ್ತಲೇ ಇದ್ದೆ. ಅಂದು ಹೇಳಿದ್ದನ್ನೇ ಇಂದು ಸ್ವಲ್ಪ ವಿಸ್ತರಿಸಿ ತಮ್ಮ ಮುಂದಿಡುತ್ತಿದ್ದೇನೆ. ತಪ್ಪಿದ್ದರೆ ವಿದ್ವಾಂಸರು ತಿದ್ದಬೇಕು.

ಶ್ರೀಮದಾಚಾರ್ಯರು ಉಪದೇಶಿಸಿದ ಪಂಚಭೇದಗಳನ್ನು ನಮ್ಮ ಮನೆಗಳ ಮಕ್ಕಳು ಬಾಯಿಪಾಠವಾಗಿ ಕಲಿಯುತ್ತಾರೆ. ಈಶ್ವರನಿಗೂ ಜೀವನಿಗೂ ಭೇದ, ಈಶ್ವರನಿಗೂ ಜಡಕ್ಕೂ ಭೇದ, ಜೀವಜೀವರಿಗೆ ಭೇದ, ಜೀವಜಡಗಳಿಗೆ ಭೇದ, ಜಡಕ್ಕೂ ಜಡಕ್ಕೂ ಭೇದ. ಸಾಲಿಗ್ರಾಮದ ಪ್ರಶ್ನೆಗೆ ಉತ್ತರ ಇದರಲ್ಲಿಯೇ ಇದೆಯೆಂದು ನನ್ನ ತಿಳಿವು. ಶಿಲೆ ಜಡ. ಶಿಲೆಯೇ ದೇವರೆಂದು ನಮ್ಮ ಸಿದ್ಧಾಂತ ಎಂದೂ ಹೇಳಿಲ್ಲ. ಶಿಲೆಯಲ್ಲಿ ಸನ್ನಿಹಿತನಾದ ಭಗವಂತನನ್ನು ಪೂಜಿಸಬೇಕೆಂದು ಹೇಳಿದೆ. ಜಡವಸ್ತುವಿನ ಹುಟ್ಟು, ವಯಸ್ಸು, ರಚನೆಗಳನ್ನು ಭೂವಿಜ್ಞಾನಿ ವಿವರಿಸಿದರೆ ಅವನು ಜಡದ ಕುರಿತು ಮಾತ್ರವೇ ಮಾತನಾಡಿದಂತಾಯಿತು. ಸನ್ನಿಧಾನದ ಕುರಿತು ಅವನು ಹೌದೆಂದೂ ಹೇಳಲಿಲ್ಲ, ಅಲ್ಲವೆಂದೂ ಹೇಳಲಿಲ್ಲ. ಅದು ಅವನ ಇಲಾಖೆಯಲ್ಲ. ಮೇಲಾಗಿ ಜಗತ್ತು ಸತ್ಯವೆಂದು ಸಾರಿದ ಪರಂಪರೆ ನಮ್ಮದು. ಸತ್ಯವಾದ ಜಗತ್ತಿನ ಸತ್ಯವಾದ ಒಂದು ಕಲ್ಲನ್ನು ಕುರಿತು ಮಗು ಪ್ರಶ್ನೆ ಕೇಳಿದರೆ ನಾವೇಕೆ ಬೆಚ್ಚಿಬೀಳಬೇಕು? ಕೋಟಿಗಟ್ಟಲೆ ವರ್ಷಗಳ ಲೆಕ್ಕವೂ ನಮಗೆ ಹೊಸದಲ್ಲ. ಪ್ರತಿದಿನದ ಸಂಕಲ್ಪದಲ್ಲಿ ಶ್ವೇತವರಾಹಕಲ್ಪವನ್ನು ಹೇಳುತ್ತೇವೆ. ಒಂದು ಕಲ್ಪವೆಂದರೆ 432 ಕೋಟಿ ವರ್ಷ. ಭೂಮಿಯ ವಯಸ್ಸು ಸುಮಾರು 454 ಕೋಟಿ ವರ್ಷವೆಂದು ವಿಜ್ಞಾನಿಗಳ ಲೆಕ್ಕ. ಇವೆರಡೂ ಹತ್ತಿರ ಹತ್ತಿರವಿವೆಯೆಂದು ಬೀಗುವ ಅಗತ್ಯವಿಲ್ಲ. ಅವು ಬೇರೆ ಬೇರೆ ರೀತಿಯ ಎಣಿಕೆಗಳು. ಹಾಗೆಯೇ ‘ಅಮ್ಮೊನೈಟಿನ ವಿಷಯವೆಲ್ಲ ನಮ್ಮ ಋಷಿಗಳಿಗೆ ಗೊತ್ತಿತ್ತು’ ಎಂದು ಹೇಳಿ ಮಕ್ಕಳ ಬಾಯಿ ಮುಚ್ಚಿಸುವುದೂ ಬೇಡ. ಪುರಾಣಗಳು ಚಕ್ರಗಳನ್ನು ಕೊರೆಯುವ ವಜ್ರಕೀಟದ ಕಥೆಯನ್ನು ಹೇಳುತ್ತವೆ. ಅದನ್ನು ಪುರಾಣವಾಗಿಯೇ ಗೌರವಿಸೋಣ.

ಈ ಚಕ್ರವನ್ನು ಕಂಡು ಬೆರಗಾದವರು ನಾವು ಮಾತ್ರವಲ್ಲ. ಪ್ರಾಚೀನ ಈಜಿಪ್ತಿನ ಅಮ್ಮೊನ್ ದೇವತೆಯ ಟಗರುಕೊಂಬಿನ ಆಕಾರದಿಂದಲೇ ಇದಕ್ಕೆ ಅಮ್ಮೊನೈಟ್ ಎಂಬ ಹೆಸರು ಬಂತು. ಇಂಗ್ಲೆಂಡಿನ ವಿಟ್ಬಿ ಎಂಬ ಊರಿನಲ್ಲಿ, ಹಿಲ್ಡಾ ಎಂಬ ಸಂತಳು ಹಾವುಗಳನ್ನು ಕಲ್ಲಾಗಿಸಿದಳೆಂದು ನಂಬಿ, ಅಮ್ಮೊನೈಟಿಗೆ ಹಾವಿನ ತಲೆಯನ್ನು ಕೆತ್ತಿ ಮಾರುತ್ತಿದ್ದರು.

ಕೆತ್ತುವ ಮಾತು ಬಂದದ್ದರಿಂದ ಒಂದು ಎಚ್ಚರಿಕೆ. ಸಾಲಿಗ್ರಾಮಕ್ಕೆ ಪ್ರತಿಷ್ಠೆಯ ಅವಶ್ಯಕತೆಯಿಲ್ಲ, ಅದರಲ್ಲಿ ಸನ್ನಿಧಾನ ಸ್ವಾಭಾವಿಕವಾದದ್ದು ಎಂದು ಹಿರಿಯರು ಹೇಳುತ್ತಾರೆ. ಮನುಷ್ಯರು ಕೆತ್ತಿದ್ದಲ್ಲ ಎಂಬುದೇ ಅದರ ಹಿರಿಮೆ. ಆದರೆ ಇಂದು ಕರಿಯ ಕಲ್ಲಿನಲ್ಲಿ ಚಕ್ರ ಕೊರೆದು ಸಾವಿರಾರು ರೂಪಾಯಿಗೆ ಮಾರುವವರಿದ್ದಾರೆ. ಒಂದು ಭೂತಗನ್ನಡಿ ಹಿಡಿದು ನೋಡಿ. ಪ್ರಾಣಿ ಬೆಳೆದಂತೆ ಚಿಪ್ಪು ಬೆಳೆದಿರುವುದರಿಂದ ಏಣುಗಳು ನಡುವಿನಲ್ಲಿ ಕಿರಿದಾಗಿದ್ದು ಹೊರಕ್ಕೆ ಬಂದಂತೆ ಕ್ರಮವಾಗಿ ಹಿರಿದಾಗುತ್ತವೆ. ಕೆತ್ತಿದವುಗಳಲ್ಲಿ ಈ ಕ್ರಮ ತಪ್ಪಿರುತ್ತದೆ, ಉಳಿಯ ಇಲ್ಲವೆ ಯಂತ್ರದ ಗೀರುಗಳೂ ಕಾಣಿಸುತ್ತವೆ.

ಹೊಸದನ್ನು ಕೊಳ್ಳುವುದಕ್ಕಿಂತ ದೊಡ್ಡ ಸಮಸ್ಯೆ ಇರುವುದನ್ನು ಉಳಿಸಿಕೊಳ್ಳುವುದು. ಈ ಸಭೆಯಲ್ಲಿರುವ ಅನೇಕರಿಗೆ ಅನುಭವವಿದೆ. ಮಕ್ಕಳು ಪರದೇಶದಲ್ಲಿ, ವೃದ್ಧ ದಂಪತಿಗಳಿಗೆ ಮಡಿಯಲ್ಲಿ ಪೂಜಿಸುವ ಶಕ್ತಿಯಿಲ್ಲ. ‘ಮಠಕ್ಕೆ ಒಪ್ಪಿಸಿಬಿಡುತ್ತೇವೆ’ ಎಂದು ಸಂಪುಟವನ್ನು ತರುತ್ತಾರೆ. ಸ್ವೀಕರಿಸುವುದು ಮಠದ ಔದಾರ್ಯ. ಆದರೆ ಹಾಗೆ ಬರುವ ಸಾಲಿಗ್ರಾಮದೊಡನೆ ಒಂದು ಚೀಟಿಯೂ ಬರುವುದಿಲ್ಲ. ಯಾವ ಊರಿನ ಮನೆತನ, ಎಷ್ಟು ತಲೆಮಾರಿನಿಂದ ಪೂಜೆ, ತಂದವರು ಯಾರು, ಕಾಶಿಯಿಂದಲೋ ಮುಕ್ತಿನಾಥದಿಂದಲೋ ಎಂಬುದು ಆ ದಂಪತಿಗಳ ಸಂಗಡವೇ ಹೋಗಿಬಿಡುತ್ತದೆ. ಕಾಲೇಜಿನ ಸಂಗ್ರಹದಲ್ಲಿ ಕಿರುಬೆರಳಿನಷ್ಟು ಕಲ್ಲಿಗೂ ದೊರೆತ ಊರಿನ ಹೆಸರಿದೆ. ಚೀಟಿ ಕಳೆದುಹೋದ ಮಾದರಿಗೆ ಅಧ್ಯಯನದಲ್ಲಿ ಅರ್ಧ ಬೆಲೆಯೂ ಇಲ್ಲವೆಂದು ಅಧ್ಯಾಪಕಿ ಹೇಳಿದರು. ನಾನು ಅಣ್ಣನನ್ನು ಕೂರಿಸಿಕೊಂಡು ನಮ್ಮ ಮೂರು ಸಾಲಿಗ್ರಾಮಗಳ ವಿಷಯದಲ್ಲಿ ಅವರಿಗೆ ನೆನಪಿರುವುದನ್ನೆಲ್ಲ ಬರೆಸಿಕೊಂಡೆ. ಒಂದೂವರೆ ಪುಟವಾಯಿತು. ಬರೆದವನು ಮೊಮ್ಮಗ, ಅಕ್ಷರ ಚೆನ್ನಾಗಿದೆ. ಅಣ್ಣನಿಗೆ ಎಂಬತ್ತು ದಾಟಿದೆ, ಈ ಕೆಲಸವನ್ನು ಹತ್ತು ವರ್ಷ ಮೊದಲೇ ಮಾಡಿದ್ದರೆ ಮೂರು ಪುಟವಾಗುತ್ತಿತ್ತೋ ಏನೋ. ಹುಡುಗ ಈಗ ಪೂಜೆಗೆ ಕೂರುತ್ತಾನೆಯೇ ಎಂದು ಕೇಳುವಿರಿ. ಕೆಲವು ದಿನ ಕೂರುತ್ತಾನೆ, ಕೆಲವು ದಿನ ಇಲ್ಲ. ಒರೆಸಿಡುವ ಕೆಲಸವನ್ನು ಮಾತ್ರ ತಾನೇ ವಹಿಸಿಕೊಂಡಿದ್ದಾನೆ.

ಕೊನೆಯದಾಗಿ, ಕಾಲೇಜಿನವರೆಗೆ ಹೋಗಲಾರದವರಿಗೆ ಹತ್ತಿರದಲ್ಲಿಯೇ ಒಂದು ದೊಡ್ಡ ಮಾದರಿಯುಂಟು. ಅಂಧೇರಿ ಪಶ್ಚಿಮದ ಗಿಲ್ಬರ್ಟ್ ಹಿಲ್. ಸುಮಾರು 61 ಮೀಟರು ಎತ್ತರದ ಒಂದೇ ಬಸಾಲ್ಟ್ ಬಂಡೆ. ಲಾವಾ ತಣಿದು ಕುಗ್ಗುವಾಗ ನೆಟ್ಟಗೆ ಸೀಳಿ ಕಂಬಗಳ ಕಟ್ಟಿನಂತಾಗಿದೆ. ಕೃಷ್ಣದರ್ಶನ ಮುಗಿಸಿ ಮಲ್ಪೆಯಿಂದ ದೋಣಿಯಲ್ಲಿ ಸೇಂಟ್ ಮೇರೀಸ್ ದ್ವೀಪಕ್ಕೆ ಹೋದವರು ಇಂಥ ಕಂಬಗಳನ್ನು ನೋಡಿರುತ್ತೀರಿ. ಅವು ಇನ್ನೂ ಹಳೆಯವು, ಸುಮಾರು 8.8 ಕೋಟಿ ವರ್ಷದ್ದು, ಮಡಗಾಸ್ಕರ್ ನಮ್ಮಿಂದ ಬೇರೆಯಾದ ಕಾಲದ್ದು. ಗಿಲ್ಬರ್ಟ್ ಹಿಲ್ಲನ್ನು 1952ರಲ್ಲಿ ಕಾನೂನಿನಡಿ ಸಂರಕ್ಷಿತವೆಂದು ಘೋಷಿಸಲಾಯಿತು. 2007ರಲ್ಲಿ ನಗರಪಾಲಿಕೆಯ ಪರಂಪರೆಯ ಪಟ್ಟಿಗೂ ಸೇರಿತು. ಅಷ್ಟರೊಳಗೆ ಸುತ್ತಲಿನ ಗುಡ್ಡವನ್ನೆಲ್ಲ ಕಡಿದು ಜಲ್ಲಿ ಮಾಡಿ ಆಗಿತ್ತು. ಅದರಲ್ಲಿ ಎಷ್ಟು ಭಾಗ ನಮ್ಮ ಹಳಿಗಳ ಕೆಳಗೆ ಬಂದಿತೋ ಲೆಕ್ಕವಿಟ್ಟವರಿಲ್ಲ. ಕಲ್ಲಿನಲ್ಲಿ ಕಡಿದ ಮೆಟ್ಟಿಲುಗಳನ್ನು ಹತ್ತಿದರೆ ಮೇಲೆ ಗಾಂವದೇವಿಯ ಗುಡಿಯಿದೆ.

ಮುಂದಿನ ತಿಂಗಳ ಎರಡನೆಯ ಭಾನುವಾರ ಮಕ್ಕಳನ್ನು ಅಲ್ಲಿಗೆ ಕರೆದೊಯ್ಯಲು ವ್ಯವಸ್ಥಾಪಕರು ಒಪ್ಪಿದ್ದಾರೆ. ಬೆಳಗ್ಗೆ ಏಳು ಗಂಟೆಗೆ ಅಂಧೇರಿ ನಿಲ್ದಾಣದ ಪಶ್ಚಿಮ ದ್ವಾರದ ಬಳಿ ಸೇರೋಣ. ಮೊಣಕಾಲು ನೋವಿರುವವರು ಕೆಳಗಿನಿಂದಲೇ ನೋಡಬಹುದು. ಕಂಬಗಳು ಕೆಳಗಿನಿಂದಲೇ ಚೆನ್ನಾಗಿ ಕಾಣುತ್ತವೆ. ಬರುವವರು ಭೋಜನಕ್ಕೆ ಮೊದಲು ಕಚೇರಿಯಲ್ಲಿ ಹೆಸರು ಕೊಡಬೇಕು. ಭೂತಗನ್ನಡಿ ಇದ್ದವರು ತಪ್ಪದೆ ತನ್ನಿ.

ಶ್ರೀಕೃಷ್ಣಾರ್ಪಣಮಸ್ತು.